ಭೂಕಂಪ ಬಲದ ಲೆಕ್ಕ: ಕಟ್ಟಡ ಸಮಿತಿಗಳು ತಿಳಿದಿರಬೇಕಾದ ವಿಷಯ

ನಮ್ಮ ಧರ್ಮಕೇಂದ್ರಗಳಲ್ಲಿ ಶಾಲೆ, ಸಭಾಭವನ ಅಥವಾ ಹೊಸ ಚರ್ಚ್ ಕಟ್ಟಲು ಹೊರಟಾಗ ನಾವು ಮೊದಲು ಕೇಳುವುದು ಖರ್ಚಿನ ಲೆಕ್ಕ. ಭೂಕಂಪದ ಲೆಕ್ಕ ಕೇಳುವವರು ವಿರಳ. 2001ರ ಜನವರಿ 26ರಂದು ಗುಜರಾತಿನ ಭುಜ್ ಭೂಕಂಪ ಸಂಭವಿಸಿದಾಗ, 200 ಕಿ.ಮೀ.ಗೂ ಹೆಚ್ಚು ದೂರವಿರುವ ಅಹಮದಾಬಾದಿನಲ್ಲೂ ಬಹುಮಹಡಿ ಕಟ್ಟಡಗಳು ಕುಸಿದವು. ಆದ್ದರಿಂದ ಈ ಲೆಕ್ಕವನ್ನು ನಾವೆಲ್ಲರೂ ಸ್ವಲ್ಪವಾದರೂ ತಿಳಿದಿರುವುದು ಒಳಿತು.

ನೆಲ ಅಲುಗಿದಾಗ ಕಟ್ಟಡದ ಸ್ವಂತ ಭಾರವೇ ಅದನ್ನು ಅಡ್ಡಕ್ಕೆ ತಳ್ಳುವ ಬಲವಾಗುತ್ತದೆ. ಭಾರ ಹೆಚ್ಚಿದಷ್ಟು ಬಲವೂ ಹೆಚ್ಚು. ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯ ಪ್ರಕಾರ ಇದಕ್ಕೆ ನಾಲ್ಕು ಅಂಕಿಗಳು ಬೇಕು.

1. ವಲಯ: ಈ ಆವೃತ್ತಿಯಲ್ಲಿ ಮಂಗಳೂರು 3ನೇ ವಲಯದಲ್ಲಿದೆ. ಅದರ ಅಂಕಿ 0.16, ಲೆಕ್ಕಕ್ಕೆ ಹಿಡಿಯುವುದು ಅರ್ಧ, ಅಂದರೆ 0.08.
2. ಮಹತ್ವ: ಶಾಲೆ, ಆಸ್ಪತ್ರೆ, ದೊಡ್ಡ ಸಭಾಭವನಗಳಿಗೆ 1.5.
3. ಕಟ್ಟಡ ಓಲಾಡುವ ರೀತಿ: ಹೆಚ್ಚು ಎತ್ತರವಿಲ್ಲದ ಕಟ್ಟಡಗಳಿಗೆ 2.5.
4. ಮುರಿಯದೆ ಬಾಗುವ ಗುಣ: ವಿಶೇಷವಾಗಿ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಚೌಕಟ್ಟಿಗೆ 5, ಕಾಂಕ್ರೀಟ್ ಪಟ್ಟಿಯೂ ಇಲ್ಲದ ಬರೀ ಕಲ್ಲಿನ ಗೋಡೆಯ ಕಟ್ಟಡಕ್ಕೆ 1.5 ಮಾತ್ರ.

ಮೊದಲ ಮೂರನ್ನು ಗುಣಿಸಿ ನಾಲ್ಕನೆಯದರಿಂದ ಭಾಗಿಸಬೇಕು. 1000 ಟನ್ ಭಾರದ ಕಾಂಕ್ರೀಟ್ ಶಾಲೆಯೊಂದನ್ನು ತೆಗೆದುಕೊಳ್ಳೋಣ. ಮೊದಲ ಮೂರರ ಗುಣಲಬ್ಧ 0.30, ಅಂದರೆ 300 ಟನ್. ಅದನ್ನು 5ರಿಂದ ಭಾಗಿಸಿದರೆ 60 ಟನ್. ಇಂಜಿನಿಯರರು ವಿನ್ಯಾಸ ಮಾಡುವುದು ಈ 60 ಟನ್ನಿಗೆ. ಅದೇ ಭಾರದ ಬರೀ ಕಲ್ಲಿನ ಕಟ್ಟಡವಾದರೆ 200 ಟನ್!

300 ಟನ್ 60ಕ್ಕೆ ಇಳಿದದ್ದು ಪುಕ್ಕಟೆಯಾಗಿ ಅಲ್ಲ. ಕಟ್ಟಡದ ಕಬ್ಬಿಣ ಮುರಿಯದೆ ಬಾಗಿ ಉಳಿದದ್ದನ್ನು ತಾಳಿಕೊಳ್ಳುತ್ತದೆ ಎಂಬ ನಂಬಿಕೆಯಿಂದ ಕೊಟ್ಟ ರಿಯಾಯಿತಿ ಅದು. ಆ ನಂಬಿಕೆ ನಿಲ್ಲುವುದು ಕೆಲಸದ ಜಾಗದಲ್ಲಿ. ಕಂಬದ ರಿಂಗುಗಳ ತುದಿಯನ್ನು 135 ಡಿಗ್ರಿ ಒಳಕ್ಕೆ ಬಾಗಿಸಿರಬೇಕು. ಕಂಬ ತೊಲೆ ಕೂಡುವಲ್ಲಿ ರಿಂಗುಗಳು ಹತ್ತಿರ ಹತ್ತಿರವಿರಬೇಕು. ಕಾಂಕ್ರೀಟ್ ಹಾಕಿದ ಮೇಲೆ ಇದು ಕಾಣುವುದಿಲ್ಲ. ಆದ್ದರಿಂದ ಅದಕ್ಕೆ ಮೊದಲೇ ಇಂಜಿನಿಯರರನ್ನು ಕರೆದು ತೋರಿಸಬೇಕು.

ಇನ್ನೊಂದು ಮಾತು. ಈ ಬಲ ಮಹಡಿಗಳಿಗೆ ಹಂಚಿಕೆಯಾಗುವಾಗ ಎತ್ತರದ ವರ್ಗ ಲೆಕ್ಕಕ್ಕೆ ಬರುತ್ತದೆ. ಭಾರ ಒಂದೇ ಆದರೂ ಎರಡು ಪಟ್ಟು ಎತ್ತರದ ಮಹಡಿಗೆ ನಾಲ್ಕು ಪಟ್ಟು ಬಲ. ಹಾಗಾಗಿ ಹಳೆಯ ಸಭಾಭವನದ ಮೇಲೆ ಮತ್ತೊಂದು ಮಹಡಿ ಏರಿಸುವ, ದೊಡ್ಡ ನೀರಿನ ಟ್ಯಾಂಕ್ ಇಡುವ ಮುನ್ನ ಹೊಸದಾಗಿ ಲೆಕ್ಕ ಹಾಕಿಸಲೇಬೇಕು.

ಮಾನಕಗಳು ಆಗಾಗ ಪರಿಷ್ಕರಣೆಯಾಗುತ್ತವೆ. ಜಾರಿಯಲ್ಲಿರುವ ಆವೃತ್ತಿಯ ಪ್ರಕಾರವೇ ಲೆಕ್ಕ ಮಾಡಿದ್ದಾರೆಯೇ ಎಂದು ಪಾಲನಾ ಮಂಡಳಿಯ ಸಭೆಯಲ್ಲಿ ಕೇಳೋಣ. ಆ ಕಟ್ಟಡದೊಳಗೆ ಕೂರುವವರು ನಮ್ಮದೇ ಮಕ್ಕಳು.