ಅತಿಥಿಯ ಬರಹ, ಅತಿಥಿಯ ವಾಚಕರು

ಹಳ್ಳಿಯಲ್ಲಿ ಕುಳಿತು ಬರೆಯುವವನನ್ನು ಮೊದಲು ಕಾಡುವುದು ವಾಚಕರ ಕೊರತೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ತರುಣನೊಬ್ಬನು ಕವಿತೆ ಬರೆದರೆ ಕೇಳುವವರು ನಾಲ್ಕಾರು ಗೆಳೆಯರು ಮಾತ್ರ. ಕೈಯಿಂದ ಹಣ ಹಾಕಿ ಪುಸ್ತಕ ಅಚ್ಚುಹಾಕಿಸಿದರೆ ಅದರ ಕಟ್ಟುಗಳು ಅಟ್ಟ ಸೇರುತ್ತವೆ. ಅಂಥವನು, ಈಗಾಗಲೇ ವಾಚಕರನ್ನು ಕೂಡಿಸಿಕೊಂಡ ಪತ್ರಿಕೆಯ ಬಾಗಿಲಿಗೆ ಅತಿಥಿಯಾಗಿ ಹೋಗುವುದೇ ಜಾಣತನ.

ಈ ದಾರಿ ನಮ್ಮ ಸೀಮೆಗೆ ಹೊಸದಲ್ಲ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು, 'ಆನಂದಕಂದ'ರು, ಧಾರವಾಡಕ್ಕೆ ಬಂದು ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಬೆರೆತರು. ಆಲೂರ ವೆಂಕಟರಾಯರು 1922ರಲ್ಲಿ ಆರಂಭಿಸಿದ 'ಜಯಕರ್ನಾಟಕ'ದಲ್ಲಿ ದುಡಿದರು. 1938ರಲ್ಲಿ ತಮ್ಮದೇ ಆದ 'ಜಯಂತಿ'ಯನ್ನು ಹೊರಡಿಸಿದರು. ಪರರ ಮನೆಯಲ್ಲಿ ಪಂಕ್ತಿಗೆ ಕುಳಿತವರು ತಾವೇ ಎಲೆ ಹಾಸಿ ಬಡಿಸುವವರಾದರು. ಅದೇ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರೂ ಪತ್ರಿಕಾಲಯಗಳಲ್ಲಿ ಬೆವರಿಳಿಸಿದವರೇ. ಅವರ 'ಜ್ವಾಲಾಮುಖಿಯ ಮೇಲೆ' ಕಾದಂಬರಿ ಪತ್ರಕರ್ತನ ಬಾಳನ್ನೇ ವಸ್ತುವಾಗಿ ಉಳ್ಳದ್ದು.

ಆದರೆ ಅತಿಥಿಗೂ ಒಂದು ಧರ್ಮವುಂಟು. ತನ್ನ ಪುಸ್ತಕದ ಜಾಹೀರಾತನ್ನೇ ಲೇಖನವೆಂದು ಕಳಿಸುವವನನ್ನು ಸಂಪಾದಕನು ಮತ್ತೆ ಕರೆಯಲಾರ. ವಾಚಕನು ಮತ್ತೆ ಓದಲಾರ. ಆ ಪತ್ರಿಕೆಯ ಹಿಂದಿನ ಸಂಚಿಕೆಗಳನ್ನು ಓದಿ, ಅಲ್ಲಿ ಇಲ್ಲದ ಸಾಮಗ್ರಿಯನ್ನು ಒಯ್ಯಬೇಕು. ಹುಕ್ಕೇರಿಯ ಕೃಷಿಕನ ಬಾಳು, ಘಟಪ್ರಭೆಯ ದಂಡೆಯ ಹಾಡು, ಗೋಕಾಕದ ಬಣ್ಣದ ಗೊಂಬೆಗಳನ್ನು ಮಾಡುವವರ ಕೈಚಳಕ: ಇವು ದೂರದ ವಾಚಕನಿಗೆ ಹೊಸತು. ಒಂದೇ ಲೇಖನದಿಂದ ಹೆಸರು ನಿಲ್ಲದು. ಒಂದೇ ಹೆಸರಿನಿಂದ ಮೇಲಿಂದ ಮೇಲೆ ಬರೆಯಬೇಕು. ಮೆಚ್ಚಿ ಹುಡುಕಿಕೊಂಡು ಬಂದ ವಾಚಕನಿಗೆ ಬರಹಗಾರನ ಮನೆಯಲ್ಲಿಯೂ ಓದಲು ಏನಾದರೂ ಸಿದ್ಧವಿರಬೇಕು.

ಇನ್ನೊಂದು ಅಪಾಯವಿದೆ. ಆತಿಥೇಯನನ್ನು ಮೆಚ್ಚಿಸುವ ಆತುರದಲ್ಲಿ ಅತಿಥಿ ತನ್ನ ನುಡಿಯನ್ನೇ ಹೊಸ್ತಿಲಾಚೆ ಬಿಟ್ಟುಬಿಡಬಹುದು. ಆಗ ವಾಚಕರು ದೊರೆತರೂ ಅವರು ಆ ಪತ್ರಿಕೆಯ ವಾಚಕರೇ ಹೊರತು ಅವನವರಲ್ಲ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು 1964ರಲ್ಲಿ ತಮ್ಮ ಕೃತಿಗೆ 'ಹೇಳತೇನ ಕೇಳ' ಎಂದೇ ಹೆಸರಿಟ್ಟರು. ಗ್ರಂಥಭಾಷೆಗಾಗಿ 'ಹೇಳುತ್ತೇನೆ ಕೇಳು' ಎಂದು ತಿದ್ದಲಿಲ್ಲ. ಊರಿನ ಆ ನುಡಿಯನ್ನು ನಾಡೆಲ್ಲ ಕೇಳಿತು. 2010ರ ಜ್ಞಾನಪೀಠವೂ ಅವರಿಗೆ ಸಂದಿತು.

ಇಂದು ಲೇಖನವು ಅಂಚೆಯ ಚೀಲದಲ್ಲಿ ಹೋಗಬೇಕಾಗಿಲ್ಲ. ಕ್ಷಣದಲ್ಲಿ ಸಂಪಾದಕನ ಮೇಜನ್ನು ಮುಟ್ಟುತ್ತದೆ. ಹಾದಿ ಸುಗಮವಾದಷ್ಟೂ ಅತಿಥಿಗಳ ಸಂಖ್ಯೆ ಹೆಚ್ಚಿದೆ. ಅವರಲ್ಲಿ ನೆನಪುಳಿಯುವವನು ಊರಿನ ಬುತ್ತಿಯನ್ನು ಕಟ್ಟಿಕೊಂಡು ಬಂದವನೇ. ನಮ್ಮ ಶಾಲೆ-ಕಾಲೇಜುಗಳ ತರುಣರು ಆ ಬುತ್ತಿಯನ್ನು ಬಿಚ್ಚಲು ನಾಚದಿರಲಿ.