ಕಾಣದ ಬಿಸಿಯನ್ನು ಕಾಣುವ ಬಗೆ

ಮದ್ದಿಕೇರ, ಪತ್ತಿಕೊಂಡ, ಆಲೂರು ಕಡೆಯ ಎರೆಹೊಲಗಳಲ್ಲಿ ಬಿಡಿಸಿದ ಹತ್ತಿಯು ಆದವಾನಿಯ ಮಾರುಕಟ್ಟೆಯನ್ನು ಸೇರಿ, ಅಲ್ಲಿಯ ಜಿನ್ನಿಂಗ್ ಗಿರಣಿಗಳಲ್ಲಿ ಬೀಜದಿಂದ ಬೇರ್ಪಟ್ಟು, ತಲಾ 170 ಕಿಲೋಗ್ರಾಂ ತೂಕದ ಅಂಡಿಗೆಗಳಾಗಿ ಹೊರಬೀಳುವುದನ್ನು ನಮ್ಮ ವಾಚಕರು ಬಲ್ಲರು. 1953ರಲ್ಲಿ ಆದವಾನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರ ರಾಜ್ಯವನ್ನು ಸೇರಿತು. ಗಡಿ ಸರಿದರೂ ಹತ್ತಿಯ ವ್ಯಾಪಾರ ಸರಿಯಲಿಲ್ಲ. ಈ ವ್ಯಾಪಾರಕ್ಕೆ ಮಳೆಯ ಅಭಾವದಷ್ಟೇ ಹಳೆಯ ಶತ್ರುವೆಂದರೆ ಬೆಂಕಿ. ಅರಳೆಯೊಳಗೆ ಹೊಕ್ಕ ಕಿಡಿಯು ಒಡನೆಯೇ ಉರಿಯದೆ ಅಂಡಿಗೆಯ ಗರ್ಭದಲ್ಲಿ ದಿನಗಟ್ಟಲೆ ಕನಲುತ್ತಿರಬಲ್ಲುದು. ಗೋದಾಮನ್ನು ಸೇರಿ ಗಾಳಿ ಸೋಕಿದ ಮೇಲೆ ಹೊತ್ತಿಕೊಳ್ಳುವುದು.

ಕಿಡಿ ಹುಟ್ಟುವ ದಾರಿಗಳು ಹಲವು. ಹತ್ತಿಯೊಡನೆ ಬಂದ ಕಲ್ಲು ಅಥವಾ ಕಬ್ಬಿಣದ ಚೂರು ಯಂತ್ರಕ್ಕೆ ತಗುಲುವುದು ಒಂದು, ಬೀಡಿಯ ತುಂಡು ಇನ್ನೊಂದು. ಮೂರನೆಯದು ವಿದ್ಯುತ್ತಿನದು. ಕಾರಣ ತಿಳಿಯದ ಬೆಂಕಿಗೆಲ್ಲ ‘ಷಾರ್ಟ್ ಸರ್ಕ್ಯೂಟ್’ ಎಂದು ಹೆಸರಿಟ್ಟು ಕಡತವನ್ನು ಮುಚ್ಚುವುದು ವಾಡಿಕೆಯಾಗಿದೆ. ಆದರೆ ಎಷ್ಟೋ ಸಂದರ್ಭಗಳಲ್ಲಿ ತಂತಿಗೆ ತಂತಿ ಸೋಕುವುದಕ್ಕೆ ಬಹು ಮೊದಲೇ ಎಲ್ಲಿಯೋ ಒಂದು ಸಡಿಲವಾದ ಜೋಡಣೆಯು ಸದ್ದಿಲ್ಲದೆ ಕಾದು, ಸುತ್ತಲಿನ ಹೊದಿಕೆಯನ್ನು ಸುಡುತ್ತ ಬಂದಿರುತ್ತದೆ.

ಇದರ ಲೆಕ್ಕ ಪ್ರೌಢಶಾಲೆಯ ಹುಡುಗನಿಗೂ ತಿಳಿಯುವಂಥದು. ಪ್ರವಾಹವನ್ನು ಅದರಿಂದಲೇ ಗುಣಿಸಿ, ಬಂದುದನ್ನು ರೋಧದಿಂದ ಗುಣಿಸಿದರೆ ಹುಟ್ಟುವ ಉಷ್ಣವು ವಾಟ್‌ಗಳಲ್ಲಿ ದೊರೆಯುತ್ತದೆ. ಚೆನ್ನಾಗಿ ಬಿಗಿದ ಜೋಡಣೆಯ ರೋಧವು ಒಂದು ಓಮಿನ ಹತ್ತುಸಾವಿರದಲ್ಲೊಂದು ಪಾಲು ಎನ್ನೋಣ. 100 ಆಂಪಿಯರ್ ಹರಿದರೆ ಅಲ್ಲಿ ಹುಟ್ಟುವುದು 1 ವಾಟ್, ಯಾರಿಗೂ ತಿಳಿಯದು. ಅದೇ ಜೋಡಣೆ ಸಡಿಲಗೊಂಡು ರೋಧವು ಓಮಿನ ನೂರರಲ್ಲೊಂದು ಪಾಲಾದರೆ 100 ವಾಟ್. ಹಿಂದಿನ ಕಾಲದ ಬಲ್ಬೊಂದರ ಉಷ್ಣವೆಲ್ಲ ಹೆಬ್ಬೆರಳಿನ ಗಾತ್ರದ ಜಾಗದಲ್ಲಿ! ಪಿ.ವಿ.ಸಿ. ಹೊದಿಕೆಯ ಸಾಮಾನ್ಯ ತಂತಿಯು ಎಡೆಬಿಡದೆ ಸಹಿಸಬಲ್ಲ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್ ಮಾತ್ರ. ಕಾದ ಜೋಡಣೆಯಲ್ಲಿ ಲೋಹವು ಮತ್ತಷ್ಟು ಕಿಲುಬುಹಿಡಿದು ರೋಧವು ಏರುತ್ತದೆ, ರೋಧವೇರಿದಂತೆ ಇನ್ನಷ್ಟು ಕಾಯುತ್ತದೆ. ಇಷ್ಟಾದರೂ ಫ್ಯೂಸು ಕರಗುವುದಿಲ್ಲ. ಏಕೆಂದರೆ ಪ್ರವಾಹವು ಮಿತಿಯಲ್ಲಿಯೇ ಇದೆ. ಫ್ಯೂಸು ನೋಡುವುದು ಪ್ರವಾಹವನ್ನಲ್ಲದೆ ಬಿಸಿಯನ್ನಲ್ಲ.

ಜಿನ್ನಿಂಗ್ ಗಿರಣಿಯಲ್ಲಿ ಜೋಡಣೆಗಳು ಸಡಿಲಗೊಳ್ಳಲು ಕಾರಣಗಳಿಗೆ ಕೊರತೆಯಿಲ್ಲ. ಯಂತ್ರಗಳ ಅದುರು, ಹಗಲು ಕಾದು ಇರುಳು ತಣಿಯುವ ಲೋಹದ ಹಿಗ್ಗು ಕುಗ್ಗು, ಮೊಳೆಯ ಕೆಳಗೆ ಮೆಲ್ಲನೆ ಅಮರಿಹೋಗುವ ಅಲ್ಯೂಮಿನಿಯಂ ತಂತಿ, ಇವೆಲ್ಲದರ ಮೇಲೆ ಸ್ವಿಚ್ಚು ಪೆಟ್ಟಿಗೆಯೊಳಗೂ ನುಸುಳಿ ಕೂರುವ ಹತ್ತಿಯ ನವಿರಾದ ಧೂಳು.

ಈ ಬಿಸಿಯನ್ನು ಮುಟ್ಟಿ ನೋಡುವಂತಿಲ್ಲ. ಆದರೆ ನೋಡುವ ಉಪಾಯವೊಂದುಂಟು. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳವಿಜ್ಞಾನಿಯು ಸೂರ್ಯನ ಬೆಳಕನ್ನು ಪಟ್ಟಕದಿಂದ ಏಳು ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ಪರೀಕ್ಷಿಸುತ್ತಿದ್ದನು. ಕೆಂಪಿನ ಆಚೆ, ಬೆಳಕೇ ಇಲ್ಲದೆಡೆ, ಪಾದರಸವು ಎಲ್ಲಕ್ಕಿಂತ ಹೆಚ್ಚು ಏರಿತು. ಅವಕೆಂಪು ಕಿರಣಗಳೆಂದು ನಾವೀಗ ಕರೆಯುವುದು ಇವನ್ನೇ. ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕಂತೆ ಇವನ್ನು ಸೂಸುತ್ತಿರುತ್ತದೆ. ಇವುಗಳನ್ನು ಹಿಡಿದು ಚಿತ್ರವಾಗಿಸುವ ಕ್ಯಾಮರಾವನ್ನು ಇಂದು ಕೈಯಲ್ಲಿ ಹಿಡಿದು ನಡೆಯಬಹುದು. ಸಾಮಾನ್ಯ ಗಾಜು ಈ ಕಿರಣಗಳಿಗೆ ಬಹುಮಟ್ಟಿಗೆ ಗೋಡೆಯಿದ್ದಂತೆ. ಆದಕಾರಣ ಅದರ ಮಸೂರವನ್ನು ಜರ್ಮೇನಿಯಂ ಎಂಬ ಧಾತುವಿನಿಂದ ಮಾಡುವರು. ಪೆಟ್ಟಿಗೆಯ ಗಾಜಿನ ಕಿಟಕಿಯ ಮೂಲಕ ತೆಗೆದ ಚಿತ್ರವು ಒಳಗಿನ ಜೋಡಣೆಯ ಚಿತ್ರವಲ್ಲ, ಗಾಜಿನದು. ಬಾಗಿಲನ್ನು ತೆರೆಯಲೇಬೇಕು, ಪ್ರವಾಹ ಹರಿಯುತ್ತಿರುವಾಗಲೇ ತೆರೆಯಬೇಕಾದುದರಿಂದ ಅದು ಪರವಾನಗಿಯುಳ್ಳ ಎಲೆಕ್ಟ್ರೀಷಿಯನ್ನನ ಕೆಲಸ, ಕ್ಯಾಮರಾ ಹಿಡಿದವನದಲ್ಲ.

ಚಿತ್ರವನ್ನು ತೆಗೆಯುವುದು ಸುಲಭ, ಓದುವುದೇ ಕಷ್ಟ. ಕ್ಯಾಮರಾ ತೋರುವ ಕೆಂಪು ಬಿಳಿ ಬಣ್ಣಗಳು ನಿಜವಾದ ಬಣ್ಣಗಳಲ್ಲ. ಚಿತ್ರದಲ್ಲಿರುವುದರಲ್ಲಿ ಹೆಚ್ಚು ಬಿಸಿಯಾದುದಕ್ಕೆ ಅದು ಬಿಳಿಯ ಬಣ್ಣ ಕೊಡುತ್ತದೆ, ವ್ಯತ್ಯಾಸವು ಮೂರೇ ಡಿಗ್ರಿಯಿದ್ದರೂ ಸರಿಯೆ. ಗಿರಣಿಯ ಯಜಮಾನನನ್ನು ಹೆದರಿಸುವುದಕ್ಕೆ ಇಂಥ ಚಿತ್ರಗಳು ಬಹಳ ಅನುಕೂಲ. ಬಲ್ಲವನಾದರೋ ಮೂರು ಫೇಸುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಾನೆ. ಮೂರೂ ಸಮನಾಗಿ ಬಿಸಿಯಿದ್ದರೆ ಹೊರೆ ಹೆಚ್ಚಿದೆಯೆಂದು ಊಹೆ. ಒಂದೇ ಫೇಸಿನ ತಂತಿಯು ಉದ್ದಕ್ಕೂ ಬಿಸಿಯಿದ್ದರೆ ಹೊರೆಯ ಹಂಚಿಕೆಯಲ್ಲಿ ದೋಷ. ಜೋಡಣೆಯ ಬಳಿ ಅತಿ ಬಿಸಿಯಾಗಿ, ತಂತಿಯುದ್ದಕ್ಕೂ ಸರಿದಂತೆ ಬಿಸಿಯು ಇಳಿಯುತ್ತ ಹೋದರೆ ಜೋಡಣೆಯೇ ಅಪರಾಧಿ. ಸಮಾನ ಹೊರೆಯ ಎರಡು ಜೋಡಣೆಗಳ ನಡುವೆ 15 ಡಿಗ್ರಿಗಿಂತ ಹೆಚ್ಚು ಅಂತರ ಕಂಡರೆ ಒಡನೆಯೇ ದುರಸ್ತಿ ಮಾಡತಕ್ಕದ್ದೆಂಬುದು ಈ ವೃತ್ತಿಯಲ್ಲಿ ಬಳಕೆಯಲ್ಲಿರುವ ಅಳತೆ.

ಇನ್ನೊಂದು ಮೋಸವುಂಟು. ಹೊಳೆಯುವ ತಾಮ್ರದ ಪಟ್ಟಿಯು ತಾನು ಕಾದಿದ್ದರೂ ಕಿರಣಗಳನ್ನು ಬಹಳ ಕಡಿಮೆ ಸೂಸಿ, ಎದುರಿಗೆ ನಿಂತವನ ಮೈಬಿಸಿಯನ್ನೇ ಕನ್ನಡಿಯಂತೆ ಹಿಂದಿರುಗಿಸುತ್ತದೆ. ಕಪ್ಪು ಟೇಪು ಸುತ್ತಿದ ಭಾಗವಾದರೆ ನಿಜವನ್ನೇ ಹೇಳುವುದು. ಅದಕ್ಕಾಗಿಯೇ ತಿಳಿದವರು ವಿದ್ಯುತ್ತನ್ನು ನಿಲ್ಲಿಸಿದ ಕಾಲದಲ್ಲಿ ಪಟ್ಟಿಗಳ ಮೇಲೆ ಗುರುತಿಗೆ ಒಂದಿಷ್ಟು ಟೇಪನ್ನು ಅಂಟಿಸಿಡುವರು.

ವಿದ್ಯುತ್ ಸ್ಥಾವರವನ್ನು ಸುರಕ್ಷಿತವಾಗಿ ಇಟ್ಟುಕೊಳ್ಳುವ ಹೊಣೆಯು ಬಳಸುವವರ ಮೇಲೂ ಇರುವುದೆಂದು ನಮ್ಮ ದೇಶದ ಕಾನೂನು ಮೊದಲಿನಿಂದಲೂ ಹೇಳುತ್ತ ಬಂದಿದೆ. 1956ರ ವಿದ್ಯುತ್ ನಿಯಮಗಳ ಸ್ಥಾನದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಗಳೂ, ಅವುಗಳ ಸ್ಥಾನದಲ್ಲಿ 2023ರ ನಿಯಮಗಳೂ ಬಂದಿವೆ. ಅಮೆರಿಕೆಯ ಅಗ್ನಿರಕ್ಷಣಾ ಸಂಘವು ಅದೇ 2023ರಲ್ಲಿ ತನ್ನ ವಿದ್ಯುತ್ ನಿರ್ವಹಣೆಯ ಸಲಹೆಗಳನ್ನು ಕಟ್ಟಳೆಯಾಗಿ ಮಾರ್ಪಡಿಸಿ, ವರ್ಷಕ್ಕೊಮ್ಮೆಯಾದರೂ ಅವಕೆಂಪು ಪರೀಕ್ಷೆ ನಡೆಯಬೇಕೆಂದು ವಿಧಿಸಿತು. ನಮ್ಮಲ್ಲಿ ವಿಮಾ ಕಂಪನಿಗಳೂ ಇಂಥ ವರದಿಯನ್ನು ಕೇಳುವುದುಂಟು. ಗಿರಣಿಗಳಿಗೆ ಮಾತ್ರವಲ್ಲ, ಬಟ್ಟೆಯ ಅಂಗಡಿ, ಆಸ್ಪತ್ರೆ, ಕಲ್ಯಾಣಮಂಟಪಗಳಿಗೂ ಈ ಮಾತು ಸಲ್ಲುತ್ತದೆ.

ಇಲ್ಲಿಯೇ ನಾವು ಮುಖ್ಯವಾಗಿ ಗಮನಿಸಬೇಕಾದ ವಿಷಯವಿರುವುದು. ಗಿರಣಿಯು ಮುಚ್ಚಿರುವ ಬೇಸಗೆಯಲ್ಲಿ, ಎಲ್ಲರಿಗೂ ಬಿಡುವಿರುವಾಗ ಪರೀಕ್ಷೆ ನಡೆಸಿ ವರದಿಯನ್ನು ಕಡತಕ್ಕೆ ಸೇರಿಸುವುದು ಬಹಳ ಅನುಕೂಲ. ಆದರೆ ಪ್ರವಾಹವಿಲ್ಲದ ತಂತಿಯಲ್ಲಿ ಬಿಸಿಯೆಲ್ಲಿಯದು? ಹೊರೆಯು ಅರ್ಧಕ್ಕಿಳಿದರೆ ಉಷ್ಣವು ಕಾಲುಭಾಗಕ್ಕಿಳಿಯುತ್ತದೆ. ಪೂರ್ಣ ಹೊರೆಯಲ್ಲಿ ನೂರು ವಾಟ್ ಹೊಮ್ಮಿಸುವ ಜೋಡಣೆಯು ಆಗ ಇಪ್ಪತ್ತೈದೇ ವಾಟ್ ಹೊಮ್ಮಿಸಿ ಸಾಧುವಿನಂತೆ ಕುಳಿತಿರುತ್ತದೆ. ಎರಡು ದೀಪ ಉರಿಯುವ ಖಾಲಿ ಗಿರಣಿಯಲ್ಲಿ ಅದೂ ಇಲ್ಲ. ಹೊರೆಯು ನೂರಕ್ಕೆ ನಲವತ್ತಕ್ಕಿಂತ ಕಡಿಮೆಯಿದ್ದಾಗ ತೆಗೆದ ಚಿತ್ರವನ್ನು ನೆಚ್ಚಬಾರದೆಂಬುದು ಅನುಭವಿಗಳ ಮತ. ಅಂಥ ವರದಿಯಲ್ಲಿ ‘ದೋಷವಿಲ್ಲ’ ಎಂದು ಬರೆದಿದ್ದರೆ ಅದು ಸುಳ್ಳಲ್ಲ, ಆದರೆ ಉಪಯೋಗವೂ ಇಲ್ಲ. ಹತ್ತಿಯ ಆವಕವು ಹೆಚ್ಚಿ ಯಂತ್ರಗಳೆಲ್ಲವೂ ಓಡುತ್ತಿರುವ ದಿನದಂದು, ಅವು ಕೆಲವು ಗಂಟೆ ಓಡಿದ ಮೇಲೆ, ಪ್ರತಿಯೊಂದು ಫೇಸಿನ ಆಂಪಿಯರನ್ನೂ ಅಳೆದು ಚಿತ್ರದ ಪಕ್ಕದಲ್ಲಿ ಬರೆಯಬೇಕು. ವರದಿಯನ್ನು ಕೈಗೆ ತೆಗೆದುಕೊಂಡ ಯಜಮಾನನು ಮೊದಲು ನೋಡಬೇಕಾದುದು ಬಣ್ಣದ ಚಿತ್ರವನ್ನಲ್ಲ, ಆ ಆಂಪಿಯರುಗಳ ಸಾಲನ್ನು.

ಈ ಕ್ಯಾಮರಾ ಎಲ್ಲವನ್ನೂ ಕಾಣದು. ನೆಲಸಂಪರ್ಕ ತುಂಡಾಗಿದ್ದರೆ, ಹೊದಿಕೆಯು ಒಳಗೆ ಜೀರ್ಣವಾಗಿದ್ದರೆ, ಅದಕ್ಕೆ ಬೇರೆ ಮಾಪಕಗಳೇ ಬೇಕು. ದೋಷ ಕಂಡ ಜೋಡಣೆಯನ್ನು ಬರಿಯ ಸ್ಪ್ಯಾನರಿನಿಂದ ಬಿಗಿದುಬಿಡುವುದೂ ಸಾಲದು. ಬಿಚ್ಚಿ, ಕಿಲುಬು ತೆಗೆದು, ಸುಟ್ಟ ತುದಿಯನ್ನು ಕತ್ತರಿಸಿ ಹೊಸದಾಗಿ ಕೂರಿಸಬೇಕು. ತರುವಾಯ ಅದೇ ಹೊರೆಯಲ್ಲಿ ಅದೇ ಜಾಗದ ಎರಡನೆಯ ಚಿತ್ರವನ್ನು ತೆಗೆದು ಮೊದಲಿನದರ ಜೊತೆಗೆ ಇಡತಕ್ಕದ್ದು.