ಕಾರಿನ ಆಂಪ್ಲಿಫೈಯರೂ ಅದರ ತಾಪಶಮನವೂ

ಶ್ರಮವಿರುವಲ್ಲಿ ತಾಪವಿರುವುದು ಲೋಕದ ನಿಯಮ. ಕೀಲೆಣ್ಣೆ ಕಾಣದ ಗಾಡಿಯ ಅಚ್ಚು ಹೊಗೆಯಾಡುತ್ತದೆ. ಹಗ್ಗವನ್ನು ರಭಸದಿಂದ ಜಾರಬಿಟ್ಟರೆ ಅಂಗೈ ಸುಡುತ್ತದೆ. ಬೆಟ್ಟ ಹತ್ತಿದವನ ಮೈ ಬೆವರುತ್ತದೆ. ಕಾಯುವುದು ದೋಷವಲ್ಲ, ಕಾದದ್ದು ಆರಲು ದಾರಿಯಿಲ್ಲದಿರುವುದೇ ದೋಷ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಇಂದು ನಾವು ಹೇಳಹೊರಟಿರುವ ಕಾರಿನ ಆಂಪ್ಲಿಫೈಯರಿನ ಮರ್ಮವು ಬಹುಮಟ್ಟಿಗೆ ತಿಳಿದಂತೆಯೇ ಸರಿ.

ಮೋಟಾರಿನಲ್ಲಿ ಕುಳಿತು ಸಂಗೀತ ಕೇಳುವ ಅಭ್ಯಾಸವು ಹೊಸದಲ್ಲ. ಅಮೆರಿಕದ ಚಿಕಾಗೊ ನಗರದ ಗಾಲ್ವಿನ್ ಸಹೋದರರು ೧೯೩೦ರಲ್ಲಿಯೇ ಕಾರಿಗೆ ಜೋಡಿಸುವ ರೇಡಿಯೋವನ್ನು ಮೋಟೊರೋಲಾ ಎಂಬ ಹೆಸರಿನಿಂದ ಮಾರಿದರು. ಆಗಿನ ರೇಡಿಯೋಗಳಲ್ಲಿದ್ದುದು ಗಾಜಿನ ವಾಲ್ವುಗಳು. ೧೯೪೭ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿದ ಮೇಲೆ ಯಂತ್ರವು ಕಿರಿದಾಯಿತು, ಶಬ್ದವು ಹಿರಿದಾಯಿತು. ಈಗ ನಮ್ಮ ಊರುಗಳಲ್ಲಿಯೂ ಅನೇಕ ಗೃಹಸ್ಥರು, ಮಕ್ಕಳ ಹಟಕ್ಕೋ ತಮ್ಮ ಅಭಿರುಚಿಗೋ ಕಟ್ಟುಬಿದ್ದು, ಕಾರಿನೊಡನೆ ಬಂದ ರೇಡಿಯೋ ಸಾಲದೆಂದು ಸಬ್‌ವೂಫರ್ ಎಂಬ ಮಂದ್ರಧ್ವನಿಯ ಪೆಟ್ಟಿಗೆಯನ್ನೂ ಅದನ್ನು ನಡೆಸುವ ಆಂಪ್ಲಿಫೈಯರನ್ನೂ ಕೂಡಿಸಿಕೊಳ್ಳುತ್ತಾರೆ. ರೇಡಿಯೋದಿಂದ ಬರುವ ಕ್ಷೀಣವಾದ ಸಂಕೇತವನ್ನು ಬ್ಯಾಟರಿಯ ಶಕ್ತಿಯಿಂದ ಪುಷ್ಟಿಗೊಳಿಸಿ ಸ್ಪೀಕರಿಗೆ ಒಪ್ಪಿಸುವುದೇ ಈ ಆಂಪ್ಲಿಫೈಯರಿನ ಕೆಲಸ. ಕೆಲವು ತಿಂಗಳು ಎಲ್ಲವೂ ಚೆನ್ನಾಗಿರುತ್ತದೆ. ಬೇಸಗೆ ಬಂದೊಡನೆ, ನಡುದಾರಿಯಲ್ಲಿ, ಹಾಡಿನ ನಡುವೆ, ಯಂತ್ರವು ಮೌನ ತಾಳುತ್ತದೆ. ಕಾಲು ಗಂಟೆಯ ಮೇಲೆ ತಾನಾಗಿಯೇ ಮತ್ತೆ ಹಾಡುತ್ತದೆ. ಇದೇನು ಚೇಷ್ಟೆ ಎಂದು ಯಜಮಾನರು ಬೆರಗಾಗುತ್ತಾರೆ.

ಇದು ಚೇಷ್ಟೆಯಲ್ಲ, ಆತ್ಮರಕ್ಷಣೆ. ಒಳಗಿನ ಟ್ರಾನ್ಸಿಸ್ಟರುಗಳು ಸಿಲಿಕಾನಿನಿಂದಾದವು. ಅವುಗಳ ಒಡಲು ೧೫೦ ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದರೆ ಸಾಮಾನ್ಯವಾಗಿ ಅವುಗಳ ಸಹನೆಯ ಮೇರೆ ಮುಟ್ಟಿತೆನ್ನಬೇಕು. ಆದಕಾರಣ ಯಂತ್ರದ ಲೋಹದ ಮೈ ಸುಮಾರು ೮೦ ಡಿಗ್ರಿಯ ಆಸುಪಾಸಿಗೆ ಬಂದಾಗಲೇ ತನ್ನನ್ನು ತಾನು ನಿಲ್ಲಿಸಿಕೊಳ್ಳುವ ಏರ್ಪಾಟನ್ನು ತಯಾರಕರು ಬಹುಮಟ್ಟಿಗೆ ಮಾಡಿರುತ್ತಾರೆ.

ಇಷ್ಟು ತಾಪವು ಎಲ್ಲಿಂದ ಬಂದಿತು? ಸ್ವಲ್ಪ ಲೆಕ್ಕ ಮಾಡೋಣ. ‘ಎ-ಬಿ’ ವರ್ಗದ ಆಂಪ್ಲಿಫೈಯರು ತಾನು ಪಡೆದ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಮಾತ್ರ ಸ್ಪೀಕರಿಗೆ ಮುಟ್ಟಿಸುತ್ತದೆ. ಅದು ೫೦೦ ವಾಟ್ ಕೊಡಬೇಕಾದರೆ ಬ್ಯಾಟರಿಯಿಂದ ೧೦೦೦ ವಾಟ್ ಎಳೆಯಬೇಕು. ಉಳಿದ ೫೦೦ ವಾಟ್ ಬರಿಯ ಕಾವು. ಮನೆಯ ಇಸ್ತ್ರಿಪೆಟ್ಟಿಗೆ ೭೫೦ ಅಥವಾ ೧೦೦೦ ವಾಟಿನದೆಂಬುದನ್ನು ನೆನೆದರೆ ಇದರ ಗಾತ್ರ ತಿಳಿಯುತ್ತದೆ. ‘ಡಿ’ ವರ್ಗದ ಯಂತ್ರವಾದರೋ ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ಸಲ ಕರೆಂಟನ್ನು ಬಿಟ್ಟು ತಡೆದು ನಡೆಯುವುದರಿಂದ, ನೂರಕ್ಕೆ ೮೦ರಿಂದ ೯೦ ಭಾಗವನ್ನು ಸದುಪಯೋಗ ಮಾಡುತ್ತದೆ. ೮೫ ಭಾಗವೆಂದಿಟ್ಟುಕೊಂಡರೆ, ಅದೇ ೫೦೦ ವಾಟಿಗೆ ಅದು ಎಳೆಯುವುದು ೫೯೦ರಷ್ಟು. ವ್ಯರ್ಥವಾಗುವುದು ಸುಮಾರು ೯೦. ಸಂಗೀತವು ಏರುತ್ತ ಇಳಿಯುತ್ತ ಇರುವುದರಿಂದ ಸರಾಸರಿಯ ಲೆಕ್ಕ ಇದಕ್ಕಿಂತ ಬಹಳ ಕಡಿಮೆಯಾಗುವುದು ನಿಜ. ಆದರೆ ಎರಡು ವರ್ಗಗಳ ತಾರತಮ್ಯ ಉಳಿದೇ ಇರುತ್ತದೆ. ಹೊಸದಾಗಿ ಕೊಳ್ಳುವವರು, ವಿಶೇಷವಾಗಿ ಸಬ್‌ವೂಫರಿಗೆ, ‘ಡಿ’ ವರ್ಗವನ್ನು ಆರಿಸುವುದು ಲೇಸು. ‘ಎ-ಬಿ’ ವರ್ಗದ ವಿಷಯದಲ್ಲಿ ಒಂದು ವೈಚಿತ್ರ್ಯವನ್ನೂ ಹೇಳಬೇಕು: ಅದರ ಟ್ರಾನ್ಸಿಸ್ಟರುಗಳು ಅತ್ಯಧಿಕವಾಗಿ ಕಾಯುವುದು ಪೂರ್ಣಶಕ್ತಿಯಲ್ಲಲ್ಲ, ಅದರ ೪೦ ಭಾಗದ ಆಸುಪಾಸಿನಲ್ಲಿ. ಆದುದರಿಂದ “ಶಬ್ದವನ್ನು ತುದಿಗೇರಿಸಲಿಲ್ಲವಲ್ಲ, ಏಕೆ ಕಾದಿತು?” ಎಂಬ ಪ್ರಶ್ನೆಗೆ ಆಸ್ಪದವಿಲ್ಲ.

ಇನ್ನು ಕಾವು ಹೊರಹೋಗುವ ಬಗೆ. ಪಾಠಶಾಲೆಯಲ್ಲಿ ಬಾಲಕರಿಗೆ ನಾವು ಹೇಳಿಕೊಡುತ್ತಿದ್ದ ವಹನ, ಸಂವಹನ, ವಿಕಿರಣ ಎಂಬ ಮೂರು ಮಾರ್ಗಗಳೇ ಇಲ್ಲಿಯೂ ಇವೆ. ಟ್ರಾನ್ಸಿಸ್ಟರಿನ ಕಾವು ಮೊದಲು ಅಲ್ಯುಮಿನಿಯಮ್ಮಿನ ಮೈಗೆ ಹರಿಯುತ್ತದೆ. ಆ ಮೈಯ ಮೇಲೆ ಸಾಲಾಗಿ ಎದ್ದಿರುವ ಲೋಹದ ಪಟ್ಟಿಗಳು ಗಾಳಿಗೆ ತಗಲುವ ವಿಸ್ತಾರವನ್ನು ಹೆಚ್ಚಿಸುತ್ತವೆ. ಗಾಳಿಯು ಕಾದು ಹಗುರಾಗಿ ಮೇಲೇರಿ, ಅದರ ಎಡೆಗೆ ತಂಪು ಗಾಳಿ ಬರುತ್ತದೆ. ಆ ಪಟ್ಟಿಗಳು ಅಲಂಕಾರಕ್ಕಾಗಿ ಇಟ್ಟವೆಂದು ಬಹುಜನರು ತಿಳಿದಿದ್ದಾರೆ. ಅವೇ ಯಂತ್ರದ ಉಸಿರು.

ಕಾದ ವಸ್ತುವು ಆರುವ ವೇಗವು, ಅದಕ್ಕೂ ಸುತ್ತಣ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅನುಸರಿಸುತ್ತದೆಯೆಂದು ನ್ಯೂಟನ್ ಪಂಡಿತನು ೧೭೦೧ರಲ್ಲಿಯೇ ತಿಳಿಸಿದನು. ಯಂತ್ರದ ಮೈ ೮೦ ಡಿಗ್ರಿ, ಗಾಳಿ ೩೦ ಡಿಗ್ರಿ ಇದ್ದರೆ ಅಂತರವು ೫೦. ಗಾಳಿಯೇ ೫೫ ಡಿಗ್ರಿಯಾದರೆ ಅಂತರವು ೨೫. ಎಂದರೆ ಆರುವ ವೇಗವು ಸುಮಾರು ಅರ್ಧವಾಯಿತು. ಕಾರಿನೊಳಗಿನ ಗಾಳಿ ಅಷ್ಟು ಕಾಯುವುದೇ ಎಂದು ಸಂಶಯಪಡಬೇಕಾಗಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ೨೦೦೫ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗು ಒಂದು ಗಂಟೆಯಲ್ಲಿ ಸರಾಸರಿ ೨೨ ಡಿಗ್ರಿಯಷ್ಟು ಏರಿತು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಮೊದಲ ಅರ್ಧ ಗಂಟೆಯಲ್ಲಿಯೇ ಏರಿತು. ನಮ್ಮ ಕಲಬುರಗಿ, ರಾಯಚೂರುಗಳ ವೈಶಾಖದ ಬಿಸಿಲಿಗೆ ಈ ೨೨ನ್ನು ಕೂಡಿಸಿ ನೋಡಿದರೆ ಸಾಕು. ಆದಕಾರಣ ಬಿಸಿಲಿನಿಂದ ಬಂದ ಕಾರಿನ ಬಾಗಿಲುಗಳನ್ನೂ ಡಿಕ್ಕಿಯನ್ನೂ ಕೆಲವು ನಿಮಿಷ ತೆರೆದಿಟ್ಟು, ಒಳಗಿನ ಬೇಗೆ ಹೊರಟುಹೋದ ಮೇಲೆ ಸಂಗೀತಕ್ಕೆ ಕೈಹಾಕತಕ್ಕದ್ದು.

ಯಂತ್ರವನ್ನು ಇಡುವ ಸ್ಥಳವೇ ಚಿಕಿತ್ಸೆಯ ಮೊದಲ ಭಾಗ. ರತ್ನಗಂಬಳಿಯ ಕೆಳಗೆ ಅಡಗಿಸುವುದು, ಸುತ್ತಲೂ ಹಲಗೆ ಹೊಡೆದು ಚೆಂದಗಾಣಿಸುವುದು, ತಲೆಕೆಳಗಾಗಿ ತೂಗುಹಾಕುವುದು, ಇವು ಮೂರೂ ಸಲ್ಲವು. ತಲೆಕೆಳಗಾದರೆ ಏರಬೇಕಾದ ಕಾವು ಮತ್ತೆ ಯಂತ್ರದ ಒಡಲಿಗೇ ಬರುತ್ತದೆ. ನಿಲ್ಲಿಸಿ ಕೂರಿಸುವುದಾದರೆ ಪಟ್ಟಿಗಳ ಸಾಲು ಕೆಳಗಿನಿಂದ ಮೇಲಕ್ಕಿರಬೇಕು. ಆಗ ಗಾಳಿಯು ಹೊಗೆಗೂಡಿನಲ್ಲಿ ಹೊಗೆ ಏರುವಂತೆ ಸಲೀಸಾಗಿ ಏರುತ್ತದೆ. ಸುತ್ತಲೂ ನಾಲ್ಕು ಬೆರಳಿನಷ್ಟಾದರೂ ತೆರವಿರಲಿ. ಮೇಲ್ಗಡೆ ಇನ್ನೂ ಹೆಚ್ಚಿದ್ದರೆ ಉತ್ತಮ. ಸಬ್‌ವೂಫರಿನ ಪೆಟ್ಟಿಗೆಗೇ ಬಿಗಿದರೆ ಅದರ ನಡುಕದಿಂದ ಬೆಸುಗೆಗಳು ಸಡಿಲವಾಗುತ್ತವೆ. ಆಸನದ ಕೆಳಗಿಡುವವರು ಅಲ್ಲಿ ಗಾಳಿಯಾಡುವುದೇ, ಮಕ್ಕಳು ಚೆಲ್ಲಿದ ನೀರು ತಾಗುವುದೇ ಎಂದು ನೋಡಿಕೊಳ್ಳಬೇಕು. ಮದುವೆಗೋ ಜಾತ್ರೆಗೋ ಹೊರಡುವಾಗ ಡಿಕ್ಕಿಯಲ್ಲಿ ಹಾಸಿಗೆಯ ಸುರುಳಿಯನ್ನೂ ಬಟ್ಟೆಯ ಗಂಟುಗಳನ್ನೂ ಯಂತ್ರದ ಮೇಲೆಯೇ ಹೇರುವುದು ನಮ್ಮಲ್ಲಿ ಸಾಮಾನ್ಯ. ಆ ಹೊತ್ತು ಸಂಗೀತವನ್ನು ರೇಡಿಯೋದ ಮಟ್ಟಿಗೆ ತೃಪ್ತಿಪಡಿಸಿಕೊಂಡು ಆಂಪ್ಲಿಫೈಯರನ್ನು ನಿಲ್ಲಿಸಿಬಿಡುವುದೇ ಮೇಲು.

ಎರಡನೆಯದು ಹೊರೆಯ ವಿಚಾರ. ನಮ್ಮ ಬೀದಿಯ ಗೃಹಸ್ಥರೊಬ್ಬರ ಕಾರಿನಲ್ಲಿ ಅರ್ಧ ಗಂಟೆಗೊಮ್ಮೆ ಸಂಗೀತ ನಿಂತುಹೋಗುತ್ತಿತ್ತು. ಜೋಡಿಸಿಕೊಟ್ಟ ಅಂಗಡಿಯವರು ಯಂತ್ರವು ಚಿಕ್ಕದಾಯಿತೆಂದೂ ದೊಡ್ಡದನ್ನು ಕೊಳ್ಳಬೇಕೆಂದೂ ಹೇಳಿದರು. ಗೃಹಸ್ಥರು ಮಗಳ ಕಾಲೇಜಿನ ಶುಲ್ಕಕ್ಕೆಂದು ಕೂಡಿಟ್ಟಿದ್ದ ಹಣವನ್ನು ಮುಟ್ಟುವುದರಲ್ಲಿದ್ದರು. ಅಷ್ಟರಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬನು ನೋಡಿ, “ಎತ್ತು ಸಣ್ಣದಲ್ಲ ಸ್ವಾಮಿ, ಹೇರು ದೊಡ್ಡದು” ಎಂದನು. ಸಂಗತಿಯೇನೆಂದರೆ, ಸಬ್‌ವೂಫರಿನಲ್ಲಿ ನಾಲ್ಕು ನಾಲ್ಕು ಓಮಿನ ಎರಡು ಸುರುಳಿಗಳಿದ್ದವು. ಅವನ್ನು ಸಮಾಂತರವಾಗಿ ಕಟ್ಟಿದ್ದರಿಂದ ಕೂಡಿದ ತಡೆಯು ಎರಡೇ ಓಮ್ ಆಗಿತ್ತು. ಯಂತ್ರದ ಎರಡು ಭಾಗಗಳನ್ನು ‘ಬ್ರಿಡ್ಜ್’ ಮಾಡಿ ಒಂದಾಗಿ ನಡೆಸುವಾಗ ನಾಲ್ಕು ಓಮಿಗೆ ಕಡಿಮೆ ಕೂಡದೆಂದು ಅದರ ಕೈಪಿಡಿಯಲ್ಲಿಯೇ ಅಚ್ಚಾಗಿತ್ತು. ತಡೆಯು ಅರ್ಧವಾದರೆ ಕರೆಂಟು ಇಮ್ಮಡಿಯಾಗುತ್ತದೆ. ಅದರೊಡನೆ ಕಾವೂ ಏರುತ್ತದೆ. ಸುರುಳಿಗಳನ್ನು ಒಂದರ ಹಿಂದೊಂದು ಬರುವಂತೆ ಕಟ್ಟಿದಾಗ ತಡೆಯು ಎಂಟು ಓಮ್ ಆಯಿತು. ಶಬ್ದವು ಕೊಂಚ ತಗ್ಗಿತು. ಯಂತ್ರವು ಆಮೇಲೆ ನಿಲ್ಲಲಿಲ್ಲ. ಹಣವು ಪೆಟ್ಟಿಗೆಯಲ್ಲಿಯೇ ಉಳಿಯಿತು. ಕೈಪಿಡಿಯನ್ನು ರದ್ದಿಗೆ ಹಾಕುವ ಮುನ್ನ ಓಮಿನ ಸಾಲನ್ನಾದರೂ ಓದತಕ್ಕದ್ದೆಂದು ಇದರಿಂದ ತಿಳಿಯಬೇಕು.

ಮೂರನೆಯದು ವೈರುಗಳು. ವೈರಿನಲ್ಲಿ ಹುಟ್ಟುವ ಕಾವು ಕರೆಂಟಿನ ವರ್ಗವನ್ನು ಅನುಸರಿಸುತ್ತದೆಂಬ ಜೂಲನ ನಿಯಮದಂತೆ, ಕರೆಂಟು ಎರಡರಷ್ಟಾದರೆ ಕಾವು ನಾಲ್ಕರಷ್ಟು. ಮೇಲೆ ಹೇಳಿದ ೧೦೦೦ ವಾಟ್ ೧೪ ವೋಲ್ಟಿನಲ್ಲಿ ೭೦ ಆಂಪಿಯರನ್ನೂ ಮೀರುತ್ತದೆ. ಇದನ್ನು ಸಣ್ಣ ವೈರಿನಲ್ಲಿ ಹರಿಸುವುದು ಕಾಲುದಾರಿಯಲ್ಲಿ ತೇರನ್ನು ಎಳೆದಂತೆ. ತಾಮ್ರದ ಲೇಪವುಳ್ಳ ಅಲ್ಯುಮಿನಿಯಮ್ ವೈರನ್ನು ತಾಮ್ರದ್ದೆಂದು ಮಾರುವುದುಂಟು. ಅದೇ ದಪ್ಪದ ಶುದ್ಧ ತಾಮ್ರಕ್ಕಿಂತ ಅದರ ತಡೆ ಹೆಚ್ಚು. ಭೂಸಂಪರ್ಕದ ವೈರು ಮೊಟಕಾಗಿರಬೇಕು. ಅದನ್ನು ಬಿಗಿಯುವಲ್ಲಿ ಬಣ್ಣವನ್ನು ಕೆರೆದು ಬರಿಯ ಲೋಹವನ್ನು ಕಾಣಿಸಿರಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ಈ ಕೂಡುಗಳು ಬೇಗನೆ ತುಕ್ಕು ಹಿಡಿಯುವುದರಿಂದ ಮಂಗಳೂರು, ಉಡುಪಿ, ಕಾರವಾರದ ವಾಚಕರು ಇವನ್ನು ಆಗಾಗ್ಗೆ ನೋಡಬೇಕು.

ಇಲ್ಲಿಯೇ ಫ್ಯೂಸಿನ ಮಾತನ್ನು ಒತ್ತಿ ಹೇಳುತ್ತೇವೆ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ, ವೈರಿಗೆ ತಕ್ಕ ಫ್ಯೂಸು ಇರಲೇಬೇಕು. ದಾರಿಯಲ್ಲಿ ವೈರಿನ ಹೊದಿಕೆ ಸವೆದು ಕಾರಿನ ಲೋಹಕ್ಕೆ ತಾಗಿದರೆ ಬೆಂಕಿಯನ್ನು ತಡೆಯುವುದು ಅದೊಂದೇ. ಪದೇ ಪದೇ ಕರಗುತ್ತದೆಂದು ಬೇಸರಪಟ್ಟು ಅದರ ಎಡೆಯಲ್ಲಿ ತಂತಿಯ ತುಂಡನ್ನು ಸಿಕ್ಕಿಸುವುದು, ಕಾವಲುಗಾರನನ್ನು ಕಟ್ಟಿಹಾಕಿ ಬಾಗಿಲು ತೆರೆದಿಟ್ಟಂತೆ. ಹೆಂಡತಿ ಮಕ್ಕಳು ಕುಳಿತ ಗಾಡಿಯಲ್ಲಿ ಈ ಸಾಹಸವು ಎಷ್ಟು ಮಾತ್ರಕ್ಕೂ ಕೂಡದು.

ನಾಲ್ಕನೆಯದು ‘ಗೇನ್’ ಎಂಬ ತಿರುಪು. ಇದು ಶಬ್ದವನ್ನು ಏರಿಸುವ ತಿರುಪೆಂದು ಯುವಕರು ಭಾವಿಸುತ್ತಾರೆ. ಹಾಗಲ್ಲ, ರೇಡಿಯೋದ ಸಂಕೇತಕ್ಕೂ ಯಂತ್ರದ ಶಕ್ತಿಗೂ ಹೊಂದಿಕೆ ಮಾಡುವುದಷ್ಟೇ ಅದರ ಕೆಲಸ. ಅದನ್ನು ಅತಿಯಾಗಿ ತಿರುಗಿಸಿದರೆ ಧ್ವನಿಯ ಅಲೆಗಳ ಶಿಖರಗಳು ಕತ್ತರಿಸಿಹೋಗಿ, ಸ್ವರವು ಒಡೆದು, ಎಳೆಯುವ ಕರೆಂಟು ಹೆಚ್ಚಿ, ಯಂತ್ರವೂ ಸ್ಪೀಕರಿನ ಸುರುಳಿಯೂ ಕಾಯುತ್ತವೆ. ಸ್ವರವು ಒಡೆಯತೊಡಗಿದ ಬಿಂದುವಿನಿಂದ ಹಿಂದಕ್ಕೆ ತಿರುಗಿಸಿ ಅಲ್ಲಿಯೇ ಬಿಡತಕ್ಕದ್ದು. ಕಿವಿಗೆ ಶಬ್ದವು ಇಮ್ಮಡಿಯಾಗಿ ಕೇಳಬೇಕಾದರೆ ಶಕ್ತಿಯು ಸುಮಾರು ಹತ್ತುಪಟ್ಟು ಬೇಕು. ಹೀಗಿರುವಾಗ ಕೊನೆಯ ಒಂದು ಹಿಡಿ ಶಬ್ದಕ್ಕಾಗಿ ನಾವು ತೆರುವ ಬೆಲೆ ಬಹಳ ದುಬಾರಿ.

ಇಷ್ಟೆಲ್ಲ ಮಾಡಿದ ಮೇಲೂ ಕಾವು ಉಳಿದರೆ ಮಾತ್ರ ಫ್ಯಾನಿನ ಸಹಾಯ ಬೇಕು. ೧೨ ವೋಲ್ಟಿನ ಚಿಕ್ಕ ಫ್ಯಾನುಗಳು ಸುಲಭವಾಗಿ ದೊರೆಯುತ್ತವೆ. ಗಾಳಿಯು ಪಟ್ಟಿಗಳ ಉದ್ದಕ್ಕೆ ಹರಿಯುವಂತೆ ಕೂರಿಸಿ, ಯಂತ್ರದೊಡನೆಯೇ ತಿರುಗಿ ಯಂತ್ರದೊಡನೆಯೇ ನಿಲ್ಲುವಂತೆ ರಿಲೇಯ ಮೂಲಕ ಜೋಡಿಸಬೇಕು. ಗಾಳಿಯು ಬರಲು ಒಂದು ದಾರಿ, ಹೋಗಲು ಇನ್ನೊಂದು ದಾರಿ ಇರಬೇಕು. ಮುಚ್ಚಿದ ಮೂಲೆಯಲ್ಲಿ ತಿರುಗುವ ಫ್ಯಾನು ಬಿಸಿಗಾಳಿಯನ್ನೇ ಕಲಕುತ್ತದೆ. ಪಟ್ಟಿಗಳ ನಡುವಣ ಧೂಳನ್ನು ತಿಂಗಳಿಗೊಮ್ಮೆ ಮೆತ್ತನೆಯ ಕುಂಚದಿಂದ ತೆಗೆದರಾಯಿತು.

ಯಂತ್ರವು ದಾರಿಯಲ್ಲಿ ಕಾದು ನಿಂತರೆ ಗಾಬರಿ ಬೇಡ. ಸಂಗೀತವನ್ನು ನಿಲ್ಲಿಸಿ, ಡಿಕ್ಕಿಯ ಸಾಮಾನನ್ನು ಸರಿಸಿ, ಗಾಳಿಯಾಡಲು ಬಿಡಿರಿ. ನೀರು ಚಿಮುಕಿಸುವುದಾಗಲಿ ಒದ್ದೆ ಬಟ್ಟೆ ಹೊದಿಸುವುದಾಗಲಿ ಸಲ್ಲದು. ಮೈಮೇಲೆ ಕೈಯಿಟ್ಟು ಐದು ಎಣಿಸಲಾಗದಿದ್ದರೆ ಅದು ಸುಮಾರು ೬೦ ಡಿಗ್ರಿ ಕಾದಿದೆಯೆಂದು ತಿಳಿಯಬಹುದು. ಅಷ್ಟರಿಂದಲೇ ರೋಗವೆಂದು ಹೇಳಲಾಗದು. ಆದರೆ ಸುಟ್ಟ ವಾಸನೆಯೋ ಹೊಗೆಯೋ ಕಂಡರೆ ಕೂಡಲೆ ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನನ್ನು ಆರಿಸಿ, ಎಲ್ಲರನ್ನೂ ಇಳಿಸಿ ದೂರ ಸರಿಸಬೇಕು. ತಾಪದಿಂದ ನಿಲ್ಲುವ ಏರ್ಪಾಟನ್ನೇ ಕತ್ತರಿಸಿಹಾಕಿದರೆ ನಿಲ್ಲದೆ ಹಾಡುತ್ತದೆಂದು ಯಾರಾದರೂ ಬುದ್ಧಿ ಹೇಳಿದರೆ ಅಂತಹವರ ಕೈಗೆ ಕಾರನ್ನು ಒಪ್ಪಿಸಬೇಡಿರಿ.

ಗಾಳಿಗೆ ಎಡೆ, ಶಕ್ತಿಗೆ ತಕ್ಕ ಹೊರೆ, ಹೊರೆಗೆ ತಕ್ಕ ವೈರು, ಕಿವಿಗೆ ತಕ್ಕ ಶಬ್ದ: ಈ ನಾಲ್ಕನ್ನು ಪಾಲಿಸಿದ ಮನೆಯಲ್ಲಿ ಯಂತ್ರವು ವರ್ಷಗಟ್ಟಲೆ ಬಾಳುತ್ತದೆ. ಇವುಗಳಲ್ಲಿ ಮೂರಕ್ಕೆ ಹೆಚ್ಚು ಹಣವೇ ಬೇಡ. ವೈರಿಗೆ ತೆತ್ತ ಹಣವಾದರೋ ಮನೆಯವರ ಕ್ಷೇಮಕ್ಕೆ ತೆತ್ತದ್ದು. ವಾಚಕರು ಮುಂದಿನ ಪ್ರಯಾಣಕ್ಕೆ ಹೊರಡುವ ಮುನ್ನ ಡಿಕ್ಕಿಯನ್ನು ತೆರೆದು ಒಮ್ಮೆ ಕಣ್ಣಾಡಿಸಿದರೆ ನಮ್ಮ ಈ ಬರೆವಣಿಗೆ ಸಾರ್ಥಕವಾಯಿತೆಂದು ಭಾವಿಸುತ್ತೇವೆ.